ಜಾಗದ ಬಟ್ಟೆ

ಮಡಿಕೆ ಬಿಚ್ಚಿದಷ್ಟೂ ಬಟ್ಟೆ ಮುಗಿಯಲಿಲ್ಲ. ಮಗಳು ಒಂದು ತುದಿ ಹಿಡಿದು ಹಿಂದೆ ಸರಿಯುತ್ತ ಹೊಲಿಗೆಯಂತ್ರಕ್ಕೆ ಬೆನ್ನು ತಾಗಿಸಿ ನಿಂತಳು. ಇನ್ನೊಂದು ತುದಿ ಹಿಡಿದ ನೆರೆಮನೆಯ ಬೇಕರಿಯಮ್ಮ ಅಡುಗೆಮನೆಯ ಹೊಸ್ತಿಲಿನವರೆಗೆ ಹೋಗಿ, ಅಲ್ಲಿಂದ ಮುಂದಕ್ಕೆ ಮೊಣಕಾಲು ಒಪ್ಪದೆ ನಿಂತಳು. ಇಬ್ಬರ ನಡುವೆ ಮಂಚದ ಮೇಲೆ, ಮೀಯಿಸಿ ತಲೆ ಬಾಚಿ ಮಲಗಿಸಿದ್ದ ಹೊಲಿಗೆಯಮ್ಮನ ದೇಹವಿತ್ತು. ಸೂಜಿ ಚುಚ್ಚಿ ಚುಚ್ಚಿ ಗಡುಸಾಗಿದ್ದ ಅವಳ ಎಡಗೈಯ ತೋರುಬೆರಳು ಈಗಲೂ ಕೊಂಚ ಮಡಿಚಿಕೊಂಡೇ ಇತ್ತು.

"ಇದೇನೇ ಇದು, ಒಂದು ಬಟ್ಟೆ ಅಂದೆ? ಇದರಲ್ಲಿ ಬೀದಿಗೆಲ್ಲ ಚಪ್ಪರ ಹಾಕಬಹುದು!"

"ಅಮ್ಮ ಹೇಳಿದ್ದು ಇಷ್ಟೇ ಅತ್ತೆ. ಟ್ರಂಕಲ್ಲಿ ಮೇಲುಗಡೆ ಇದೆ, ಅದರಲ್ಲೇ ನನ್ನ ಸುತ್ತಿ, ಹೊಸದು ತರಬೇಡಿ ಅಂತ."

ಬೇಕರಿಯಮ್ಮ ಬಟ್ಟೆಯನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಅದು ಒಂದು ಬಟ್ಟೆಯಾಗಿರಲಿಲ್ಲ. ಒಂದೇ ಅಳತೆಯ ಬಿಳಿಯ ಚೌಕಗಳನ್ನು ಅಂಚಿಗೆ ಅಂಚು ಸೇರಿಸಿ ಕೈಯಲ್ಲೇ ಹೊಲಿದದ್ದಾಗಿತ್ತು. ಪ್ರತಿ ಚೌಕದ ಮೂಲೆಯಲ್ಲೂ ಬಣ್ಣದ ನೂಲಿನಲ್ಲಿ ತೆಗೆದ ಒಂದು ಗುರುತು: ಬೀಗದ ಕೈ, ಹಣತೆ, ಚಕ್ರ, ಎರಡೆಲೆಯ ಕುಡಿ. ಅವಳ ಹೆಬ್ಬೆರಳು ಕೆಂಪು ನೂಲಿನ ಒಂದು ಒಲೆಯ ಮೇಲೆ ಬಂದು ನಿಂತಿತು.

"ಅಯ್ಯೋ ನನ್ನ ದೇವರೇ! ಇದು ನಮ್ಮತ್ತೆ ಕಣೇ!"

ಮಗಳು ಹೌದೆಂದು ತಲೆಯಾಡಿಸಿದಳು. ಅವಳಿಗೆ ಆಗಲೇ ಗೊತ್ತಾಗಿತ್ತು.

"ಬದುಕಿದ್ದಾಗ ನನ್ನ ತಲೆ ಮೇಲೆ ಕೂತಿದ್ದಳು. ಈಗ ನಿಮ್ಮಮ್ಮನ ಮಂಡಿ ಮೇಲೆ ಬಂದು ಕೂತಿದಾಳೆ," ಎಂದು ಬೇಕರಿಯಮ್ಮ ನಗಲು ಹೋಗಿ, ನಗು ಅರ್ಧಕ್ಕೇ ಮುರಿದು, ಹೊಸ್ತಿಲ ಮೇಲೆ ಕುಸಿದು ಕುಳಿತಳು. "ಜಾಗದ ಬಟ್ಟೆ! ಅಷ್ಟನ್ನೂ ಹೊಲಿದುಬಿಟ್ಟಿದಾಳಲ್ಲೇ ಇವಳು. ಈಗ ಮಂದಿರದಲ್ಲಿ ಹಾಸೋಕೆ ಏನಿದೆ?"

ಅವರ ಪ್ರಾರ್ಥನಾ ಮಂದಿರದಲ್ಲಿ ಯಾರಾದರೂ ತೀರಿಕೊಂಡರೆ ಅವರು ಕೂರುತ್ತಿದ್ದ ಜಾಗದಲ್ಲಿ ಮತ್ತೊಬ್ಬರು ಕೂರುತ್ತಿರಲಿಲ್ಲ. ಬೆಂಚಿನ ಆ ಭಾಗದ ಮೇಲೆ ಬಿಳಿಯ ಬಟ್ಟೆಯೊಂದನ್ನು ಹಾಸುತ್ತಿದ್ದರು. ಹೆಸರು ಬರೆಯುತ್ತಿರಲಿಲ್ಲ, ಹೆಸರು ದೇವರ ಬಳಿ ಇದೆ, ನಮಗೆ ಗುರುತು ಸಾಕು ಎಂಬುದು ಹಿರಿಯರ ಮಾತು. ಆ ಗುರುತುಗಳನ್ನೆಲ್ಲ ಹಾಕಿದವಳು ಹೊಲಿಗೆಯಮ್ಮ. ಪ್ರತಿ ವಾರ ಪ್ರಾರ್ಥನೆ ಮುಗಿದ ಮೇಲೆ ಬಟ್ಟೆಗಳನ್ನು ಎತ್ತಿ ಮನೆಗೆ ತಂದು, ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಮುಂದಿನ ಪ್ರಾರ್ಥನೆಗೆ ಮೊದಲು ತಿರುಗಿ ಹಾಸುತ್ತಿದ್ದವಳೂ ಅವಳೇ. ಯಾರ ಬಟ್ಟೆ ಯಾವ ಜಾಗದ್ದೆಂದು ಅವಳಿಗೆ ಕತ್ತಲಲ್ಲೂ ತಪ್ಪುತ್ತಿರಲಿಲ್ಲ. ಹಾಸಿಗೆ ಹಿಡಿದ ಮೇಲೆ ಆ ಕೆಲಸ ಮಗಳಿಗೆ ಬಂದಿತ್ತು. ಈ ವಾರವೂ ಅವಳು ಒಗೆದು ಒಣಗಿಸಿ ಟ್ರಂಕಿನಲ್ಲಿ ಜೋಡಿಸಿದ್ದಳು. "ಟ್ರಂಕು ನನ್ನ ಹತ್ತಿರ ಇಡು. ಬಿಸಿಲಿನ ವಾಸನೆ ಬರಲಿ," ಎಂದು ಅಮ್ಮ ಕೇಳಿದಾಗ, ಕಾಯಿಲೆಯವರ ಆಸೆ ಎಂದುಕೊಂಡು ಮಂಚದ ಪಕ್ಕಕ್ಕೆ ಎಳೆದಿಟ್ಟು, ಗಿರಾಕಿಗಳಿಗೆ ಬಟ್ಟೆ ಕೊಡಲು ಹೋಗಿದ್ದಳು. ಸಂಜೆ ಬಂದಾಗಲೆಲ್ಲ ಬಿಳಿ ನೂಲಿನ ಉಂಡೆ ಸಣ್ಣದಾಗಿರುತ್ತಿತ್ತು. ಅದನ್ನು ನೋಡಿಯೂ ನೋಡಿರಲಿಲ್ಲ.

ಈಗ ಹೊಲಿಗೆಯೇ ಎಲ್ಲವನ್ನೂ ಹೇಳುತ್ತಿತ್ತು. ತಲೆಯ ಕಡೆಯ ಚೌಕಗಳಲ್ಲಿ ಅದು ಇರುವೆಯ ಸಾಲಿನಂತೆ ಸಣ್ಣಗೆ, ನೇರವಾಗಿ ನಡೆದಿತ್ತು. ನಡುವಿಗೆ ಬರುವಷ್ಟರಲ್ಲಿ ಹೆಜ್ಜೆ ದೊಡ್ಡದಾಗಿತ್ತು. ಕಾಲಿನ ಕಡೆ ಬಂದಂತೆ ನೂಲು ತಡವರಿಸಿ, ದಾರಿ ತಪ್ಪಿ, ಮತ್ತೆ ಬಂದು ಸೇರಿತ್ತು. ಕೊನೆಯ ಸಾಲಿನಲ್ಲಿ ನೀಲಿ ನೂಲಿನ ಕಾಗದದ ದೋಣಿಯಿದ್ದ ಚೌಕ ಅರ್ಧ ಮಾತ್ರ ಕೂಡಿಕೊಂಡು ಜೋಲುತ್ತಿತ್ತು. ಸೂಜಿ ಅಲ್ಲೇ ಚುಚ್ಚಿಕೊಂಡಿತ್ತು. ದೋಣಿಯ ಪಕ್ಕದ ಮೂಲೆಯಲ್ಲಿ ಒಂದು ಚೌಕದಷ್ಟು ಜಾಗ ಖಾಲಿಯೇ ಉಳಿದಿತ್ತು.

"ಇಡೀ ಊರಿನ ಅಳತೆ ಕಣ್ಣಲ್ಲೇ ಹೇಳೋಳು," ಎಂದಳು ಬೇಕರಿಯಮ್ಮ ಮೂಗು ಒರೆಸಿಕೊಳ್ಳುತ್ತ. "ತನ್ನದೇ ಅಳತೆ ತಪ್ಪಿದಳು ನೋಡು."

*

ದೋಣಿಯ ಗುರುತಿನ ಬಟ್ಟೆಯೇ ಎಲ್ಲಕ್ಕಿಂತ ಹಳೆಯದು.

ಹೊಲಿಗೆಯಮ್ಮನ ಮಗ ಹುಡುಗನಾಗಿದ್ದಾಗಲೇ ಜ್ವರ ಬಂದು ಹೋದ. ಮಗಳಿಗಿಂತ ಚಿಕ್ಕವನು. ಮಂದಿರದಲ್ಲಿ ಅವರ ಬೆಂಚು ಗೋಡೆಯ ಪಕ್ಕದ್ದು: ಗೋಡೆಯ ಕಡೆ ಮಗ, ನಡುವೆ ತಾಯಿ, ಓಡಾಡುವ ದಾರಿಯ ಕಡೆ ಮಗಳು. ಅವನು ಹೋದ ನಂತರದ ಮೊದಲ ಪ್ರಾರ್ಥನೆಗೆ ಜನ ಹೆಚ್ಚಾಗಿ ಬಂದಿದ್ದರು. ಆಗ ಮಂದಿರ ತುಂಬುತ್ತಿದ್ದ ಕಾಲ. ಯಾರದೋ ಮಗು ತನ್ನ ತಾಯಿಯ ಕೈ ಬಿಡಿಸಿಕೊಂಡು ಬಂದು, ಗೋಡೆಯ ಪಕ್ಕದ ಆ ತೆರವು ಜಾಗಕ್ಕೆ ಹತ್ತಲು ಒಂದು ಕಾಲು ಎತ್ತಿತು.

"ಅಲ್ಲಿ ಬೇಡ," ಎಂದಳು ಹೊಲಿಗೆಯಮ್ಮ.

ಮಗು ಹೆದರಿ ಕಾಲು ಇಳಿಸಿತು. ಅವಳ ಚೀಲದಲ್ಲಿ ಮಗನಿಗೆಂದು ಕತ್ತರಿಸಿ ಹೊಲಿಯದೆ ಉಳಿದ ಅಂಗಿಯ ಬೆನ್ನಿನ ಭಾಗವಿತ್ತು. ಎಲ್ಲಿಗೆ ಹೋದರೂ ಅದನ್ನು ಒಯ್ಯುತ್ತಿದ್ದಳು. ಅದನ್ನು ತೆಗೆದು ಆ ಜಾಗದ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ತೀಡಿದಳು. ಮುಂದೆ ನಿಂತು ಪ್ರಾರ್ಥನೆ ಹೇಳಿಸುತ್ತಿದ್ದ ಅವಳ ಅಣ್ಣ ಒಂದು ಕ್ಷಣ ನಿಲ್ಲಿಸಿದರು. ಆಮೇಲೆ ಕಣ್ಣು ಮುಚ್ಚಿ ಮುಂದುವರಿಸಿದರು. ಮಗನನ್ನು ಕಳೆದುಕೊಂಡವಳಿಗೆ ಏನು ಹೇಳುವುದು?

ಮುಂದಿನ ವಾರವೂ ಹಾಸಿದಳು. ಆ ವಾರ ಅದರ ಮೂಲೆಯಲ್ಲಿ ನೀಲಿ ದೋಣಿ ಬಂದಿತ್ತು. ಕೆಲವು ತಿಂಗಳ ಮೇಲೆ ಬೀಗ ರಿಪೇರಿಯವನ ಹೆಂಡತಿ ಗಂಡನನ್ನು ಕಳೆದುಕೊಂಡು ಅವಳ ಬಳಿ ಬಂದಳು. "ನಮ್ಮೋರ ಜಾಗಕ್ಕೂ ಒಂದು ಹೊಲಿದುಕೊಡ್ತೀಯಾ ಅಕ್ಕ?" ಎಂದಳು. ಆಗುವುದಿಲ್ಲ ಎನ್ನಲು ಹೊಲಿಗೆಯಮ್ಮನಿಗೆ ಯಾವ ಬಾಯಿ? ಬೀಗದ ಕೈಯೊಂದನ್ನು ತೆಗೆದು ಕೊಟ್ಟಳು. ಹೀಗೆ ಒಂದರ ಹಿಂದೆ ಒಂದು ಬಂದವು. ಶೋಕವು ಮೊದಲು ಅನುಕಂಪವನ್ನು ಬೇಡಿತು, ಅನುಕಂಪ ರೂಢಿಯಾಯಿತು, ರೂಢಿಗೆ ಕಾಲಕ್ರಮದಲ್ಲಿ ಶಾಸ್ತ್ರದ ಗಾಂಭೀರ್ಯ ಬಂದಿತು. ಅಣ್ಣನ ಹೆಂಡತಿ ತೀರಿಕೊಂಡು, ಮುಂದಿನ ಬೆಂಚಿನಲ್ಲಿ ಅವರ ಪಕ್ಕದ ಜಾಗಕ್ಕೆ ಎರಡೆಲೆಯ ಕುಡಿಯ ಬಟ್ಟೆ ಬಂದ ವರ್ಷ, ಅವರು ಉಪದೇಶದಲ್ಲಿ ಗದ್ಗದಿತರಾಗಿ ಹೇಳಿದರು: "ಇದು ನಮ್ಮ ಪೂರ್ವಿಕರಿಂದ ಬಂದ ಪದ್ಧತಿ. ಇದನ್ನು ಬಿಟ್ಟವರು ತಮ್ಮವರನ್ನೇ ಬಿಟ್ಟಂತೆ."

ಗೋಡೆಯ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಹೊಲಿಗೆಯಮ್ಮ ತಲೆ ಎತ್ತಿ ಅಣ್ಣನನ್ನು ನೋಡಿದಳು. ಆ ಪೂರ್ವಿಕಳು ತಾನೇ ಎಂದು ಅವಳು ಅಂದು ಹೇಳಲಿಲ್ಲ.

*

ಅಣ್ಣ ಕೋಲೂರುತ್ತ ಒಳಗೆ ಬಂದಾಗ ಬೇಕರಿಯಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. ಊರಿನವರೆಲ್ಲ ಅವರನ್ನು ಹಿರಿಯರು ಎನ್ನುತ್ತಿದ್ದರು. ಮಗಳಿಗೆ ಮಾತ್ರ ಮಾವ. ಅವರು ತಂಗಿಯ ಮುಖ ನೋಡಿ, ಬಾಯೊಳಗೇ ಏನನ್ನೋ ಹೇಳಿಕೊಂಡು, ಮಗಳತ್ತ ತಿರುಗಿದರು.

"ಪುಟ್ಟಿ, ಬಟ್ಟೆಗಳನ್ನ ಕೊಡಮ್ಮ. ಮೊದಲು ಹಾಸಿ ಬರ್ತೀನಿ. ಇವಳು ಒಳಗೆ ಬರೋ ಹೊತ್ತಿಗೆ ಎಲ್ಲರೂ ತಂತಮ್ಮ ಜಾಗದಲ್ಲಿರಬೇಕು."

ಎಲ್ಲರೂ ಎಂದರೆ ಸತ್ತವರು. ನಲವತ್ತು ದಾಟಿದ ಪುಟ್ಟಿ ಮಂಚದ ಮೇಲೆ ಹರಡಿದ್ದನ್ನು ತೋರಿಸಿದಳು.

ಅವರು ಅರ್ಥಮಾಡಿಕೊಳ್ಳಲು ಹೊತ್ತು ಹಿಡಿಯಿತು. ಬಗ್ಗಿ ಒಂದೊಂದೇ ಗುರುತನ್ನು ನೋಡುತ್ತ ಹೋದರು. ಚಕ್ರ. ಹಣತೆ. ಎದೆಯ ಮೇಲೆ ಬರುವ ಜಾಗದಲ್ಲಿ ಎರಡೆಲೆಯ ಹಸಿರು ಕುಡಿ.

"ಬಿಚ್ಚು," ಎಂದರು.

"ಮಾವ…"

"ಬಿಚ್ಚು ಅಂದೆ. ಇವು ಅವಳ ಸ್ವತ್ತಲ್ಲ, ಮಂದಿರದ್ದು. ಕಾಯಿಲೆಯಲ್ಲಿ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅವಳಿಗೆ."

"ಬುದ್ಧಿ ನೆಟ್ಟಗೇ ಇತ್ತು. ನಿನ್ನೆ ಬೆಳಿಗ್ಗೆ ನನ್ನ ಕೈ ಹಿಡ್ಕೊಂಡು, ಗುಂಡಿಯ ಕಾಜಾ ದೊಡ್ಡದಾಯ್ತು ಅಂತ ಬೈದಳು."

"ಎಲ್ಲ ಬೇಡ. ನಮ್ಮನೆಯವಳದೊಂದಾದರೂ." ಅವರ ಧ್ವನಿ ತಗ್ಗಿತು. "ಅದೊಂದನ್ನ ಬಿಚ್ಚಿಕೊಡು ಸಾಕು."

ಮಗಳು ಕದಲದಿರಲು ಅವರೇ ಯಂತ್ರದ ಮೇಲಿದ್ದ ಕತ್ತರಿಯನ್ನು ಎತ್ತಿಕೊಂಡರು. ಕುಡಿಯ ಚೌಕದ ಅಂಚಿಗೆ ಮೊನೆ ಇಟ್ಟು ನೂಲಿನಡಿ ತೂರಿಸಲು ನೋಡಿದರು. ಹೋಗಲಿಲ್ಲ. ಕನ್ನಡಕವನ್ನು ಮೇಲೆತ್ತಿ, ಮತ್ತೆ ಇಳಿಸಿ, ಇನ್ನೊಂದು ಅಂಚಿನಲ್ಲಿ ನೋಡಿದರು. ಅಲ್ಲಿಯೂ ಇರುವೆಯ ಸಾಲೇ. ಇಡೀ ಬಟ್ಟೆಯಲ್ಲಿ ಅಷ್ಟು ಬಿಗಿಯಾದ ಹೊಲಿಗೆ ಬೇರೆಲ್ಲೂ ಇರಲಿಲ್ಲ.

"ಎಳೆದು ಹರಿದರೆ ಬರತ್ತೆ," ಎಂದಳು ಬೇಕರಿಯಮ್ಮ ಮೆಲ್ಲಗೆ.

"ಹರಿಯೋದು ಬೇಡ." ಅವರು ಕತ್ತರಿಯನ್ನು ತಂಗಿಯ ಪಾದಗಳ ಬಳಿ ಇಟ್ಟರು. ಹೆಬ್ಬೆರಳಿನಿಂದ ಹಸಿರು ಎಲೆಯನ್ನು ಒಮ್ಮೆ ಸವರಿದರು. "ಎಷ್ಟು ಸಣ್ಣಗೆ ಹೊಲಿದಿದಾಳೆ ನೋಡು. ಅವಳಿಗೆ ನನ್ನ ಮೇಲೆ ನಂಬಿಕೆಯೇ ಇರಲಿಲ್ಲ."

ಹೊರಗೆ ಬೇಕರಿಯ ಕೈಗಾಡಿಯನ್ನು ತಂದು ನಿಲ್ಲಿಸಿದ ಸದ್ದಾಯಿತು.

"ಅವಳ ಜಾಗಕ್ಕೆ ಅಂತ ಹೊಸದು ಮಾಡಿದೀಯಾ?" ಎಂದು ಕೇಳಿದರು ಕೊನೆಗೆ.

ಇಲ್ಲ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇತ್ತು. ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಕೂತು ಮಗಳು ಕದ್ದು ಹೊಲಿದದ್ದು: ಬಿಳಿಯ ಚೌಕ, ಮೂಲೆಯಲ್ಲಿ ಕಪ್ಪು ನೂಲಿನ ಕತ್ತರಿ. ತಂದು ಗುಂಡಿಯ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳು. ಅಮ್ಮ ಬೇಡವೆಂದು ಬಾಯಿಬಿಟ್ಟು ಹೇಳಿದ ಮೇಲೆ ಹೊಲಿದದ್ದು. ಆಯಿತಮ್ಮ ಎಂದು ಮಾತು ಕೊಟ್ಟ ಮೇಲೆ ಹೊಲಿದದ್ದು.

"ಮಾಡಿದೀನಿ ಮಾವ."

ಅವರ ಮುಖದಲ್ಲಿ ಜೀವ ಬಂದಿತು. "ನನಗೆ ಗೊತ್ತಿತ್ತು. ತಗೊಂಡು ಬಾ. ಅವಳ ಜಾಗಕ್ಕೆ ಅದನ್ನೇ ಹಾಸೋಣ. ಉಳಿದವನ್ನ ನೀನು ನಿಧಾನವಾಗಿ ಹೊಲಿದುಕೊಡು. ಅದೊಂದರಿಂದ ಮತ್ತೆ ಶುರು ಮಾಡೋಣ."

*

ನೂಲಿನ ಗಿರಣಿ ಬಂದ ಮೇಲೆ ಊರಿನ ಅಂಚಿನಲ್ಲಿ ಹೊಸ ವಸತಿಗಳಾದವು. ಅಲ್ಲಿಯವರಲ್ಲಿ ಕೆಲವರು ಪ್ರಾರ್ಥನೆಗೆ ಬರತೊಡಗಿದರು. ಒಳಗೆ ಬಟ್ಟೆ ಹಾಸಿದ ಜಾಗಗಳೇ ಹೆಚ್ಚಾಗಿ, ಹಳಬರು ಅವುಗಳ ನಡುವೆ ಹಲ್ಲುದುರಿದ ಬಾಯಿಯ ಹಲ್ಲುಗಳಂತೆ ಅಲ್ಲೊಬ್ಬರು ಇಲ್ಲೊಬ್ಬರು ಕೂತಿರುತ್ತಿದ್ದರು. ಬಂದವರು ಹೊರಗಿನ ಜಗಲಿಯಲ್ಲಿ ಕೂತರು. ಬಾಗಿಲಿನಿಂದ ಕೇಳಿದಷ್ಟೇ ಅವರಿಗೆ ಪ್ರಾರ್ಥನೆ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಹೊಲಿಗೆಯಮ್ಮ ತಡವಾಗಿ ಬಂದಳು. ಜಗಲಿಯಲ್ಲಿ ಗಿರಣಿಯ ಹುಡುಗಿಯೊಬ್ಬಳು ಹಸುಗೂಸನ್ನು ಎದೆಗವಚಿಕೊಂಡು ಗಾಳಿಗೆ ಬೆನ್ನು ಕೊಟ್ಟು ಕೂತಿದ್ದಳು. ಕೂಸು ಕೆಮ್ಮುತ್ತಿತ್ತು. ಹೊಲಿಗೆಯಮ್ಮ ಅವಳ ತೋಳು ಹಿಡಿದು ಎಬ್ಬಿಸಿ, ಒಳಗೆ ಕರೆತಂದು, ಗೋಡೆಯ ಪಕ್ಕದ ದೋಣಿಯ ಬಟ್ಟೆಯನ್ನು ತಾನೇ ಎತ್ತಿ, "ಕೂತ್ಕೊ," ಎಂದಳು.

ಮಂದಿರ ಉಸಿರು ಹಿಡಿಯಿತು. ಗಿರಣಿಯ ಹುಡುಗಿ ಆ ಬರಿಯ ಮರವನ್ನು ನೋಡಿದಳು, ಹೊಲಿಗೆಯಮ್ಮನ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದಳು.

"ಬೇಡಮ್ಮ. ಅದು ನಿಮ್ಮ ಮಗನ ಜಾಗ. ನನ್ನ ಕೂಸಿಗೆ ಏನಾದರೂ ಆದೀತು," ಎಂದು ಪಿಸುಗುಟ್ಟಿ ಹೊರಗೆ ಹೋದಳು.

ಅಂದು ಮಧ್ಯಾಹ್ನ ಅಣ್ಣ ತಂಗಿ ಹೊಲಿಗೆಯಂತ್ರದ ಅಕ್ಕಪಕ್ಕ ಕೂತು ಮಾತಾಡಿದರು. ಮಗಳು ಕಾಜಾ ಹಾಕುತ್ತ ಕೇಳಿಸಿಕೊಂಡಳು.

"ನೋಡಿದೆಯಲ್ಲ, ಹೊರಗಿನವಳಿಗೂ ಅದರ ಮರ್ಯಾದೆ ಗೊತ್ತು," ಎಂದರು ಅಣ್ಣ.

"ಮರ್ಯಾದೆ ಅಲ್ಲಣ್ಣ ಅದು, ಭಯ. ನಾನು ಹಾಸಿದ ಬಟ್ಟೆಗೆ ಒಬ್ಬಳು ಬಾಣಂತಿ ಹೆದರಿ ಗಾಳಿಗೆ ಹೋಗಿ ಕೂತಳು."

"ಹೋದವರನ್ನ ಮರೆತು ಬಂದವರನ್ನ ಕೂರಿಸೋದು ಧರ್ಮವೇ?"

ಅವಳು ಯಂತ್ರದ ಮೇಲಿದ್ದ ಶಾಲೆಯ ಲಂಗವೊಂದನ್ನು ಮಗುಚಿ ಅಂಚು ತೋರಿಸಿದಳು. "ಮಕ್ಕಳ ಬಟ್ಟೆ ಹೊಲಿಯೋವಾಗ ಒಳಗಡೆ ನಾಲ್ಕು ಬೆರಳು ಬಟ್ಟೆ ಬಿಟ್ಟು ಮಡಚ್ತೀವಿ. ಯಾಕೆ ಹೇಳು? ಮಗು ಬೆಳೆಯತ್ತೆ, ಬಿಚ್ಚಿಕೊಡಬೇಕಾಗತ್ತೆ ಅಂತ. ನಮ್ಮ ಹಿರಿಯರೂ ಹಾಗೆ ಬಿಟ್ಟು ಕಟ್ಟಿದ ಮಂದಿರ ಅದು. ನಾನು ಆ ಮಡಿಕೆಯನ್ನೇ ಬಿಗಿಯಾಗಿ ಹೊಲಿದು ಕೂತೆ."

"ಅವನ ಬಟ್ಟೆ ತೆಗೆದರೆ ನೀನು ಬದುಕ್ತೀಯಾ?"

ಪ್ರಶ್ನೆ ಕ್ರೂರವಾಗಿತ್ತು, ಕೇಳಿದವರಿಗೂ ಅದು ಗೊತ್ತಿತ್ತು. ಅವಳು ಲಂಗದ ಅಂಚನ್ನು ಮತ್ತೆ ಮಡಚಿದಳು.

"ಬದುಕಿದ್ದಾಗ ಆಗದೇ ಇರಬಹುದು," ಎಂದಳು.

ಹಾಸಿಗೆ ಹಿಡಿದ ವಾರ ಮಗಳನ್ನು ಕರೆದು ಹೇಳಿದಳು: "ನನ್ನ ಜಾಗದ ಮೇಲೆ ಬಟ್ಟೆ ಹಾಸಬೇಡ. ನಿಮ್ಮ ಮಾವ ಕೇಳ್ತಾನೆ. ಕೊಡಬೇಡ."

"ಆಯ್ತಮ್ಮ," ಎಂದಿದ್ದಳು ಮಗಳು.

*

ಮಂಚದ ತಲೆದೆಸೆಯ ಗೂಡಿನಿಂದ ಗುಂಡಿಯ ಡಬ್ಬಿಯನ್ನು ಕೆಳಗಿಳಿಸಿ, ಮೇಲಿನ ಗುಂಡಿಗಳನ್ನು ಕೈಯಿಂದ ಪಕ್ಕಕ್ಕೆ ಸರಿಸಿ, ಅವಳು ಬಟ್ಟೆಯನ್ನು ಹೊರತೆಗೆದಳು. ತೆಗೆದವಳು ಹಾಗೇ ನಿಂತಳು. ಅವಳು ಬಟ್ಟೆಯನ್ನು ನಾಲ್ಕಾಗಿ ಮಡಚುವವಳು. ಚಿಕ್ಕಂದಿನಿಂದ ಹಾಗೇ, ಅದಕ್ಕಾಗಿ ಬೈಸಿಕೊಂಡದ್ದೂ ಉಂಟು. ಈ ಬಟ್ಟೆ ಮೂರಾಗಿ ಮಡಚಿತ್ತು, ಅಂಚು ಒಳಗೆ ಸೇರಿಸಿ, ಅಮ್ಮ ಮಡಚುವಂತೆ.

ಅವಳು ಮಂಚದ ಕಾಲಿನ ಕಡೆ ಬಂದಳು. ಬೇಕರಿಯಮ್ಮ ದೇಹಕ್ಕೆ ಬಟ್ಟೆಯನ್ನು ಸುತ್ತಿ ಆಗಿತ್ತು. ಖಾಲಿ ಉಳಿದಿದ್ದ ಮೂಲೆಯಿಂದ ಹೊಲಿಗೆಯಮ್ಮನ ಬಲಪಾದ, ಇಡೀ ಜೀವಮಾನ ಯಂತ್ರದ ಪೆಡಲು ತುಳಿದ ಪಾದ, ಹೊರಗೆ ಚಾಚಿತ್ತು. ಮಗಳು ಕೈಯಲ್ಲಿದ್ದ ಚೌಕವನ್ನು ಆ ಮೂಲೆಗೆ ಹಿಡಿದಳು. ಒಂದು ನೂಲಿನಷ್ಟೂ ಹೆಚ್ಚಿರಲಿಲ್ಲ, ಕಡಿಮೆಯಿರಲಿಲ್ಲ.

ಹಿಡಿದ ಕೈಯನ್ನು ಹಿಂದೆ ತೆಗೆದಳು. ಬಟ್ಟೆಯನ್ನು ಎದೆಗೆ ಒತ್ತಿಕೊಂಡಳು. ನಾಳೆಯಿಂದ ಆ ಬೆಂಚಿನಲ್ಲಿ ಅಮ್ಮನದೆಂದು ತೋರಿಸಲು ಒಂದು ಕತ್ತರಿಯ ಗುರುತಾದರೂ ಬೇಡವೆ? ಊರಿಗೆಲ್ಲ ಹೊಲಿದುಕೊಟ್ಟವಳಿಗೆ ಒಂದು ಅಂಗೈಯಗಲದ ಬಟ್ಟೆ ಇಲ್ಲವೆ? ಹೊರಗೆ ಮಾವ ಕೋಲಿನಿಂದ ನೆಲ ತಟ್ಟುತ್ತ ಕಾಯುತ್ತಿದ್ದರು. ದೋಣಿಯ ಚೌಕವೂ ಅರ್ಧ ಹೊಲಿಗೆಯಲ್ಲಿ ತೂಗುತ್ತಿತ್ತು. ಒಂದು ಸಲ ಎಳೆದರೆ ಕೈಗೆ ಬರುವಷ್ಟು ಸಡಿಲ.

ಅವಳು ಮಂಡಿಯೂರಿ ಕೂತು ಅಮ್ಮ ಬಿಟ್ಟ ಸೂಜಿಯನ್ನು ಬೆರಳಿಗೆ ತೆಗೆದುಕೊಂಡಳು. ಮೊದಲು ದೋಣಿಯನ್ನು ಸೇರಿಸಿದಳು. ಆಮೇಲೆ ಕತ್ತರಿಯ ಗುರುತಿನ ಚೌಕವನ್ನು.

"ಏನ್ ಮಾಡ್ತಿದ್ದೀಯೇ? ನಿಮ್ಮ ಮಾವ ಕಾಯ್ತಿದಾರೆ!"

"ಕಾಲು ಕಾಣ್ತಿದೆ ಅತ್ತೆ," ಎಂದಳು ತಲೆ ಎತ್ತದೆ. "ಅವಳಿಗೆ ಕಾಲು ತಣ್ಣಗಾದರೆ ನಿದ್ದೆ ಬರಲ್ಲ."

*

ಕೈಗಾಡಿಯ ಹಲಗೆಯಲ್ಲಿ ಇನ್ನೂ ಹಿಟ್ಟಿನ ವಾಸನೆಯಿತ್ತು. ಮಂದಿರದ ಬಾಗಿಲಲ್ಲಿ ದೇಹವನ್ನು ಇಳಿಸಿ ಒಳಗೆ ತಂದು ಮುಂದೆ ಇರಿಸಿದರು. ಆಮೇಲೆ ಹಳಬರು ತಿರುಗಿ ನೋಡಿದರು; ನೋಡಿ ಅಲ್ಲೇ ನಿಂತರು.

ಬೆಂಚುಗಳು ಬರಿದಾಗಿದ್ದವು. ಬಟ್ಟೆಯಿಲ್ಲದೆ ಪ್ರಾರ್ಥನೆಯ ಹೊತ್ತಿನಲ್ಲಿ ಅವನ್ನು ಯಾರೂ ಕಂಡಿರಲಿಲ್ಲ. ಬದುಕಿದ್ದವರು ಕೂತ ಜಾಗಗಳು ಮೈಯ ಎಣ್ಣೆಗೂ ಬೆವರಿಗೂ ಕಪ್ಪಾಗಿ ನುಣುಪೇರಿದ್ದವು. ವರ್ಷಗಟ್ಟಲೆ ಯಾರೂ ಮುಟ್ಟದ ಜಾಗಗಳು ಮಾತ್ರ ನಿನ್ನೆ ಬಡಗಿ ಉಜ್ಜಿಕೊಟ್ಟಂತೆ ತಿಳಿಯಾದ ಹಳದಿಯಲ್ಲಿ ಉಳಿದಿದ್ದವು. ಮಂದಿರದ ತುಂಬ ಆ ಎಳೆಯ ಬಣ್ಣವೇ ಹೆಚ್ಚಾಗಿತ್ತು.

"ಯಾವುದು ಯಾರದು ಅಂತಾನೇ ತಿಳಿಯಲ್ಲ," ಎಂದು ಗೊಣಗಿದ ಗಂಟೆಯಜ್ಜ. ಗಂಟೆ ಬಾರಿಸುತ್ತ ಕಿವಿ ಕಳೆದುಕೊಂಡಿದ್ದ ಅವನಿಗೆ ಪಿಸುಮಾತು ಬಾರದು; ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

ಮಾವ ಮಗಳ ಖಾಲಿ ಕೈಗಳನ್ನು ನೋಡಿದರು. "ಬಟ್ಟೆ?"

"ಅಮ್ಮನ ಕಾಲಿಗೆ ಬೇಕಾಯ್ತು ಮಾವ."

ಅವರು ಹೋಗಿ ತಮ್ಮ ಜಾಗದಲ್ಲಿ ಕೂತರು. ಪಕ್ಕದಲ್ಲಿ ಹೆಂಡತಿಯ ಜಾಗದ ಎಳೆಯ ಬಣ್ಣದ ಮರವನ್ನು ಒಮ್ಮೆಯೂ ನೋಡಲಿಲ್ಲ. ಹಳಬರೂ ಕೂತರು. ಬಟ್ಟೆ ಇಲ್ಲದಿದ್ದರೂ ಯಾರೂ ಒಂದು ಗೇಣು ಅತ್ತಿತ್ತ ಸರಿಯಲಿಲ್ಲ. ಗಿರಣಿಯವರು ಎಂದಿನಂತೆ ಜಗಲಿಯಲ್ಲಿ ಕೂತರು. ಮಾವ ಎದ್ದು ಪ್ರಾರ್ಥನೆ ಹೇಳಿಸಿದರು. ಬೆಂಚಿನ ದಾರಿಯ ಕಡೆ ಕೂತ ಮಗಳ ಪಕ್ಕದಲ್ಲಿ ಅಮ್ಮನ ಜಾಗ ಕಪ್ಪಗೆ, ನಡುವೆ ಸವೆದು ಕೊಂಚ ತಗ್ಗಾಗಿ, ಯಾರೋ ಈಗಷ್ಟೇ ಎದ್ದು ಹೋದಂತೆ ಇತ್ತು. ಅದರಾಚೆ ತಮ್ಮನ ಚಿಕ್ಕ ಜಾಗ. ಅಮ್ಮ ಇದಕ್ಕಾಗಿಯೇ ಅಷ್ಟೆಲ್ಲ ಹೊಲಿದಳೆ ಎಂದುಕೊಂಡಳು ಮಗಳು. ಏನೂ ಬದಲಾಗಲಿಲ್ಲ. ಬಟ್ಟೆ ಮರದ ಮೇಲಲ್ಲ, ಜನರ ಮೇಲೆಯೇ ಹಾಸಿತ್ತು.

ಪ್ರಾರ್ಥನೆ ಮುಗಿಯಿತು. ಸ್ಮಶಾನವಿದ್ದದ್ದು ಮಂದಿರದ ಹಿಂದಿನ ದಿಬ್ಬದ ಮೇಲೆ, ಕಲ್ಲಿನ ಮೆಟ್ಟಿಲು, ಕೈಗಾಡಿ ಹೋಗದು. ಹೆಗಲೇ ಬೇಕು. ಹಳಬರಲ್ಲಿನ ಗಂಡಸರು ಮುಂದೆ ಬಂದು ಹಲಗೆಯ ಸುತ್ತ ಬಗ್ಗಿದರು. ಒಂದು ಮೂಲೆ ಎದ್ದಿತು, ಇನ್ನೊಂದು ಏಳಲಿಲ್ಲ. ಹಲಗೆ ವಾಲಿ ಹೊಲಿಗೆಯಮ್ಮನ ತಲೆ ಒಂದು ಪಕ್ಕಕ್ಕೆ ಜಾರಿತು.

"ಇಳಿಸಿ, ಇಳಿಸಿ!" ಎಂದು ಕೂಗಿದಳು ಬೇಕರಿಯಮ್ಮ.

"ನನ್ನ ಹೆಗಲಿಗೆ ನನ್ನ ತಲೆ ಹೊರೋಕೇ ಆಗಲ್ಲ," ಎಂದು ಗಂಟೆಯಜ್ಜ ಏದುಸಿರು ಬಿಡುತ್ತ ಬೆಂಚು ಹಿಡಿದುಕೊಂಡ. "ಹಿಂದೆ ಹೊತ್ತವರನ್ನೆಲ್ಲ ಆಮೇಲೆ ಹೊತ್ತಾಯ್ತಲ್ಲಪ್ಪ, ಇನ್ಯಾರಿದ್ದಾರೆ?"

ಯಾರೂ ನಗಲಿಲ್ಲ. ಮಾವ ತಂಗಿಯ ಜಾರಿದ ತಲೆಯನ್ನು ಎರಡೂ ಕೈಯಿಂದ ನೇರ ಮಾಡಿದರು. ಹಾಗೇ ಬಗ್ಗಿದ್ದವರು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಅವರು ಬಾಗಿಲ ಕಡೆ ನೋಡುತ್ತಿದ್ದರು.

"ಒಳಗೆ ಬನ್ನಿ," ಎಂದರು.

ಜಗಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬನ್ನಿಯಪ್ಪ. ನನ್ನ ತಂಗಿಯನ್ನ ಎತ್ತೋಕೆ ಕೈ ಬೇಕು."

ಗಿರಣಿಯ ಗಂಡಸರು ಚಪ್ಪಲಿ ಕಳಚಿ, ಮೈ ಹಿಡಿಮಾಡಿಕೊಂಡು, ಎಲ್ಲಿ ಕಾಲಿಡಬೇಕೆಂದು ತಿಳಿಯದವರಂತೆ ಬಂದರು. ಅವರ ಹಿಂದೆ ಗಿರಣಿಯ ಹುಡುಗಿಯೂ ಬಂದಳು. "ನಾನೂ ಒಂದು ಕೈ ಕೊಡ್ತೀನಿ. ನನ್ನ ಕೂಸಿನ ಅಂಗಿಯೆಲ್ಲ ಇವರೇ ಹೊಲಿದಿದ್ದು," ಎಂದು ಯಾರನ್ನೂ ಕೇಳದೆ ಹೇಳಿ, ತೋಳಿನಲ್ಲಿ ನಿದ್ದೆ ಹೋಗಿದ್ದ ಕೂಸನ್ನು ಎಲ್ಲಿ ಮಲಗಿಸುವುದೆಂದು ಸುತ್ತ ನೋಡಿದಳು. ಹಾಸಿದ ಬಟ್ಟೆಯೊಂದೂ ಅವಳ ಕಣ್ಣಿಗೆ ಬೀಳಲಿಲ್ಲ. ಹತ್ತಿರದ ಬೆಂಚಿಗೆ ಬಗ್ಗಿ, ಗೋಡೆಯ ಪಕ್ಕದ ಚಿಕ್ಕ ಜಾಗಕ್ಕೆ ಕೂಸನ್ನು ಇಳಿಸತೊಡಗಿದಳು.

ಮಗಳ ಬಾಯಿ ತೆರೆಯಿತು. ಅಲ್ಲಿ ಬೇಡ ಎಂಬ ಮಾತು, ಅಮ್ಮ ಅಂದು ಆಡಿದ ಅದೇ ಮಾತು, ಅದೇ ದನಿಯಲ್ಲಿ ನಾಲಿಗೆಯ ತುದಿಗೆ ಬಂದಿತ್ತು. ಗಿರಣಿಯ ಹುಡುಗಿ ಅವಳ ಮುಖ ನೋಡಿ ಅರ್ಧಕ್ಕೇ ನಿಂತಳು. ಆಗ ಅದು ಯಾರ ಜಾಗವೆಂದು ಅವಳಿಗೂ ನೆನಪಾಯಿತು. ಮಾವನೂ ನೋಡುತ್ತಿದ್ದರು.

"ಗೋಡೆ ಕಡೆ ತಲೆ ಮಾಡಿ ಮಲಗಿಸು," ಎಂದಳು ಮಗಳು. "ಈ ಕಡೆ ಹೊರಳಿದರೆ ಬಿದ್ದುಬಿಡತ್ತೆ."

*

ಮಣ್ಣು ಮುಚ್ಚಿ ಇಳಿದು ಬರುವಷ್ಟರಲ್ಲಿ ಬಿಸಿಲು ವಾಲಿತ್ತು. ಗಿರಣಿಯವರು ಕೈ ತೊಳೆದುಕೊಂಡು ಜಗಲಿಯಿಂದಲೇ ಹೊರಟರು. ಗಿರಣಿಯ ಹುಡುಗಿ ಒಳಗೆ ಓಡಿ ಬಂದು, ಕೂಸನ್ನು ಕಾಯುತ್ತ ಕೂತಿದ್ದ ಬೇಕರಿಯಮ್ಮನ ಕೈಯಿಂದ ಅದನ್ನು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಹೋದಳು. ಮುಂದಿನ ವಾರ ಅವರು ಒಳಗೆ ಬರುವರೋ ಜಗಲಿಯಲ್ಲೇ ಕೂರುವರೋ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಬಾಗಿಲು ಹಾಕಲು ಬಂದ ಮಗಳಿಗೆ ಅದು ಕಂಡಿತು. ತಮ್ಮನ ಜಾಗದಲ್ಲಿ, ಆ ಎಳೆಯ ಮರದ ಮೇಲೆ, ಒಂದು ಒದ್ದೆ.

"ಕೂಸು ತನ್ನ ಕೆಲಸ ಮಾಡಿಬಿಟ್ಟಿದೆ. ಮಾತಲ್ಲಿ ಮೈ ಮರೆತೆ," ಎಂದಳು ಬೇಕರಿಯಮ್ಮ ತಪ್ಪಿತಸ್ಥಳಂತೆ. "ಯಾರ ಜೊತೆ ಮಾತು ಅಂತ ಕೇಳಬೇಡ. ನಿಮ್ಮಮ್ಮನ ಜೊತೇನೇ."

ಅಷ್ಟರಲ್ಲಿ ಮಾವ ಕೋಲೂರುತ್ತ ಬೆಂಚಿನ ಬಳಿ ಬಂದಿದ್ದರು. ಒದ್ದೆಯನ್ನು ನೋಡುತ್ತ ನಿಂತ ಅವರು ಜೇಬಿಗೆ ಕೈ ಹಾಕಿ ಕರವಸ್ತ್ರ ತೆಗೆದರು. ಬಿಳಿಯದು, ಹೊಲಿಗೆಯಮ್ಮನೇ ಅಂಚು ಮಡಚಿ ಹೊಲಿದುಕೊಟ್ಟದ್ದು. ಅದನ್ನು ಬಿಡಿಸಿ, ಹಾಸುವವರಂತೆ ಎರಡೂ ಕೈಯಲ್ಲಿ ಹಿಡಿದರು. ಅವರ ಕೈಗಳು ಆ ಜಾಗದ ಮೇಲೆ ಬಂದು, ಅಲ್ಲೇ ತಡೆದು ನಿಂತವು.

ಆಮೇಲೆ ಅವರು ಕರವಸ್ತ್ರವನ್ನು ಉಂಡೆಮಾಡಿ ಜೇಬಿಗೆ ಹಾಕಿಕೊಂಡರು. ಎಷ್ಟೋ ವರ್ಷಗಳಿಂದ ಮುಚ್ಚಿದ್ದ ಪಕ್ಕದ ಕಿಟಕಿಯ ಚಿಲಕವನ್ನು ಕೋಲಿನ ತುದಿಯಿಂದ ಬಡಿದು ಸರಿಸಿದರು. ಸಂಜೆಯ ಬಿಸಿಲೂ ಗಾಳಿಯೂ ಒಟ್ಟಿಗೆ ಬೆಂಚಿನ ಮೇಲೆ ಬಿದ್ದವು.

ಅವರು ಹೊರಡಲಿಲ್ಲ. ಕೋಲಿನ ಮೇಲೆ ಎರಡೂ ಕೈ ಇಟ್ಟು, ಒದ್ದೆ ನಿಧಾನವಾಗಿ ಕಿರಿದಾಗುವುದನ್ನು ನೋಡುತ್ತ ನಿಂತರು. ಒಣಗಿದ ಮೇಲೂ ಮರದಲ್ಲಿ ಅದರ ಅಂಚು ಉಳಿದಿತ್ತು.